ಮಂತ್ರ ಬಾಯಲ್ಲಿದ್ದರೆ ಸಾಕಾ, ಮನಸ್ಸಲ್ಲೂ ಇರಬೇಕಾ? ಅಜ್ಜಿ ಕೊಟ್ಟು ಹೋದ ಸರ್ಪಸುತ್ತಿನ ಮಂತ್ರದ ಬಗ್ಗೆ

ಹೊಳಲ್ಕೆರೆ ಮೊಮ್ಮಗಳು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ ಆಮೇಲೆ ಹೇಳಿ.

ನಮ್ಮ ಅಜ್ಜಿ ಹೊಳಲ್ಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಸರ್ಪಸುತ್ತು ಬರೆಯುತ್ತಿದ್ದರು. ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದರು. ಬೆಳಿಗ್ಗೆ ಏನೂ ತಿನ್ನದೆ, ಕೆಮ್ಮಣ್ಣು ಕಲಸಿ, ಗುಳ್ಳೆಗಳ ಸುತ್ತ ಗೆರೆ ಎಳೆದು, ಹಾವಿನ ತಲೆ ಬಾಲ ಕೂಡದ ಹಾಗೆ ಅಡ್ಡಗೆರೆ ಹಾಕುತ್ತಿದ್ದರು. ಮಂತ್ರ ಹೇಳಿ ಮೂರು ಸಲ ಊದುತ್ತಿದ್ದರು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಎಲೆ ಅಡಿಕೆ ತಂದರೂ ದೇವರ ಗೂಡಿನ ಮುಂದೆ ಇಟ್ಟು ಹೋಗಬೇಕಿತ್ತು.

ಒಂದು ಗ್ರಹಣದ ರಾತ್ರಿ ನನ್ನನ್ನು ಕೂರಿಸಿಕೊಂಡು ಮಂತ್ರ ಹೇಳಿಕೊಟ್ಟರು. ಒಂಬತ್ತು ಸಾಲು. ಅರ್ಧ ತೆಲುಗು, ಅರ್ಧ ಕನ್ನಡ. ಎರಡು ಸಾಲು ನನಗೂ ಅರ್ಥ ಆಗಲಿಲ್ಲ, ಅಜ್ಜಿಗೂ ಗೊತ್ತಿರಲಿಲ್ಲ. ಕಾರ್ತಿಕದಲ್ಲಿ ಅಜ್ಜಿ ತೀರಿಕೊಂಡರು.

ನಾನಿರುವುದು ದಾವಣಗೆರೆಯಲ್ಲಿ. ಫಾಲ್, ಪಿಕೊ ಹಾಕುವ ಅಂಗಡಿ ಇಟ್ಟಿದ್ದೇನೆ. ನಿನ್ನೆ ನಮ್ಮ ಮನೆ ಓನರ್ ಅವರ ಅಣ್ಣ ಬಂದರು. 68 ವರ್ಷ. ಸೊಂಟದ ಎಡಗಡೆ ಗುಳ್ಳೆ ಎದ್ದಿವೆ. "ನಿಮ್ಮಜ್ಜಿ ನಿನಗೆ ಕೊಟ್ಟು ಹೋಗಿದ್ದಾರಂತೆ, ಬರೀ ತಾಯಿ" ಅಂದರು. ನಾಳೆ ಬನ್ನಿ ಅಂದುಬಿಟ್ಟೆ.

ನನಗೆ ಇದರಲ್ಲಿ ನಂಬಿಕೆ ಇಲ್ಲ. ನಂಬಿಕೆ ಇಲ್ಲದೆ ಮಂತ್ರ ಹೇಳಿದರೆ ಅದು ಮಂತ್ರವಾ? ಅಥವಾ ಅವರು ನಂಬಿದ್ದಾರೆ, ನಾನು ಸುಮ್ನೆ ಬರೆದರೆ ಸಾಕಾ? ಹಾಗೆ ಬರೆದರೆ ಅದು ಮೋಸ ಅಲ್ವಾ? ರಾತ್ರಿ ನಿದ್ದೆ ಬಂದಿಲ್ಲ.

ನರ್ಸಕ್ಕ
ಮಂತ್ರದ ಮಾತು ಆಮೇಲೆ. ಗುಳ್ಳೆ ಎದ್ದು ಎಷ್ಟು ದಿನ ಆಯ್ತು?

ಹೊಳಲ್ಕೆರೆ ಮೊಮ್ಮಗಳು
ನಿನ್ನೆ ಬೆಳಿಗ್ಗೆ ಕಂಡಿತಂತೆ ಅಕ್ಕ. ಅದಕ್ಕೂ ಎರಡು ದಿನ ಮೊದಲು ಆ ಜಾಗ ಉರಿಯುತ್ತಿತ್ತಂತೆ.

ನರ್ಸಕ್ಕ
ಹಾಗಾದರೆ ಇವತ್ತೇ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಗುಳ್ಳೆ ಕಂಡ 72 ಗಂಟೆ ಒಳಗೆ ವೈರಸ್ ತಡೆಯುವ ಮಾತ್ರೆ ಶುರು ಮಾಡಿದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಚಿಕ್ಕಂದಿನಲ್ಲಿ ಚಿಕನ್ ಪಾಕ್ಸ್ ಬಂದು ಹೋದ ಮೇಲೆ ಅದರ ವೈರಸ್ ನರದ ಬುಡದಲ್ಲಿ ಮಲಗಿರುತ್ತದೆ. ವಯಸ್ಸಾದ ಮೇಲೆ, ಶಕ್ತಿ ಕುಂದಿದಾಗ, ಮತ್ತೆ ಎದ್ದು ಬರುತ್ತದೆ. ಅದೇ ಸರ್ಪಸುತ್ತು. ವಯಸ್ಸಾದವರಿಗೆ ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ನರದ ನೋವು ಉಳಿಯಬಹುದು. ಆ ನೋವನ್ನು ನಾನು ವಾರ್ಡಲ್ಲಿ ನೋಡಿದ್ದೇನೆ. ಸೀರೆ ಸೆರಗು ತಾಗಿದರೂ ಕಿರುಚುತ್ತಾರೆ.

ಕಣ್ಣಿನ ಹತ್ತಿರ ಎದ್ದರಂತೂ ಒಂದು ಗಂಟೆ ಕಾಯಬಾರದು. ಕಣ್ಣೇ ಹೋಗಬಹುದು. ಇನ್ನೊಂದು, ಒಡೆದ ಗುಳ್ಳೆ ಮೇಲೆ ಮಣ್ಣು ಹಚ್ಚಬೇಡಿ. ಕೀವು ಆಗುತ್ತದೆ.

ಚಳ್ಳಕೆರೆ ಎಣ್ಣೆಗಾಣ
ಅಕ್ಕ, ನಮ್ಮ ತಂದೆಗೆ ಬರೆಸಿದ್ದೆವು. ಎರಡೇ ವಾರದಲ್ಲಿ ಹೋಯಿತು. ತಲೆ ಬಾಲ ಕೂಡಿದ್ದರೆ ಜೀವಕ್ಕೇ ಅಪಾಯ ಇತ್ತು.

ನರ್ಸಕ್ಕ
@ಚಳ್ಳಕೆರೆ ಎಣ್ಣೆಗಾಣ ತಮ್ಮಾ, ಬರೆಸದಿದ್ದರೂ ಎರಡರಿಂದ ನಾಲ್ಕು ವಾರದಲ್ಲಿ ಗುಳ್ಳೆ ಹೋಗುತ್ತವೆ. ತಲೆ ಬಾಲ ಕೂಡುವುದೇ ಇಲ್ಲ. ಯಾಕೆಂದರೆ ಅದು ಒಂದು ನರದ ಹಾದಿ ಹಿಡಿದು ಬರುತ್ತದೆ. ಆ ನರ ಮೈಯ ಒಂದೇ ಪಕ್ಕದಲ್ಲಿ ಇರುತ್ತದೆ. ನಡು ಗೆರೆ ದಾಟುವುದು ತೀರಾ ಅಪರೂಪ. ಅಡ್ಡಗೆರೆ ಹಾಕಿದ್ದಕ್ಕೆ ನಿಂತಿತು ಅಂತ ಎಲ್ಲರಿಗೂ ಅನಿಸುವುದು ಇದರಿಂದಲೇ.

ಚಳ್ಳಕೆರೆ ಎಣ್ಣೆಗಾಣ
ಇದು ನನಗೆ ಗೊತ್ತಿರಲಿಲ್ಲ. ಆದರೆ ಅಪ್ಪನಿಗೆ ಬರೆಸಿದ ದಿನವೇ ಧೈರ್ಯ ಬಂತು, ಊಟ ಮಾಡಿದರು. ಅದು ನನ್ನ ಕಣ್ಣಾರೆ ಕಂಡದ್ದು.

ದುರ್ಗದ ಮೇಷ್ಟ್ರು
ತಾಯಿ, ನಿನ್ನ ಪ್ರಶ್ನೆ ಹೊಸದಲ್ಲ, ಬಹಳ ಹಳೆಯದು. ಮೊದಲು ಡಾಕ್ಟರ್ ಹತ್ತಿರ ಹೋಗು, ನರ್ಸಮ್ಮ ಹೇಳಿದ್ದು ಸರಿ. ಆಮೇಲೆ ಇದನ್ನು ಓದು.

ಮಂತ್ರದಲ್ಲಿ ಮನಸ್ಸು ಮುಖ್ಯವೋ ಉಚ್ಚಾರ ಮುಖ್ಯವೋ? ನಮ್ಮ ಹಿರಿಯರು ಇದಕ್ಕೆ ಒಂದು ಕತೆ ಹೇಳುತ್ತಾರೆ. ದೇವಶಿಲ್ಪಿ ತ್ವಷ್ಟೃ ತನ್ನ ಮಗನನ್ನು ಕೊಂದ ಇಂದ್ರನ ಮೇಲೆ ಸೇಡು ತೀರಿಸಲು ಯಜ್ಞ ಮಾಡಿದ. "ಇಂದ್ರಶತ್ರು ಬೆಳೆಯಲಿ" ಅಂದ. ಅವನ ಮನಸ್ಸಲ್ಲಿ ಇದ್ದದ್ದು "ಇಂದ್ರನನ್ನು ಕೊಲ್ಲುವವನು". ಆದರೆ ಸ್ವರ ತಪ್ಪಿತು. ಒತ್ತು ಬೇರೆ ಅಕ್ಷರದ ಮೇಲೆ ಬಿದ್ದು "ಇಂದ್ರನೇ ಯಾರನ್ನು ಕೊಲ್ಲುವನೋ ಅವನು" ಎಂದಾಯಿತು. ಆ ಯಜ್ಞದಿಂದ ವೃತ್ರ ಎಂಬ ಅಸುರ ಹುಟ್ಟಿದ, ಇಂದ್ರನ ಕೈಯಲ್ಲೇ ಸತ್ತ. ಉದ್ದೇಶ ಗಟ್ಟಿಯಾಗಿತ್ತು, ಹಗೆ ನಿಜವಾಗಿತ್ತು, ಆದರೂ ಮಾತೇ ಗೆದ್ದಿತು.

ಅರ್ಥ ಗೊತ್ತಿಲ್ಲದ ಸಾಲಿನ ಬಗ್ಗೆಯೂ ವಾದ ಇದೆ. ಕೌತ್ಸ ಎಂಬುವನು ಮಂತ್ರಗಳಿಗೆ ಅರ್ಥವೇ ಇಲ್ಲ ಅಂದ. ಯಾಸ್ಕ, ವೇದದ ಪದಗಳಿಗೆ ಅರ್ಥ ಬಿಡಿಸುವ ತನ್ನ ನಿರುಕ್ತ ಎಂಬ ಗ್ರಂಥದಲ್ಲಿ, ಅವನ ಮಾತನ್ನು ಎತ್ತಿ ಹೇಳಿ, ಅದಕ್ಕೆ ಉತ್ತರ ಕೊಟ್ಟಿದ್ದಾನೆ. ಕುರುಡ ಕಂಬವನ್ನು ಕಾಣದಿದ್ದರೆ ಅದು ಕಂಬದ ತಪ್ಪಲ್ಲ ಎನ್ನುವ ಅರ್ಥದಲ್ಲಿ.

ಜೋಗಿಮಟ್ಟಿ ಗಾಳಿ
ಮೇಷ್ಟ್ರೇ, ನಾನು ಒಪ್ಪಲ್ಲ. ನಾವು ಬೇಡರ ನಾಡಿನವರು. ಬೇಡರ ಕಣ್ಣಪ್ಪ ಯಾವ ಸ್ವರ ನೋಡಿದ? ಬಾಯಲ್ಲಿ ನೀರು ತಂದು ಲಿಂಗದ ಮೇಲೆ ಉಗುಳಿದ, ಮಾಂಸ ಎಡೆ ಇಟ್ಟ, ಕಾಲಿಟ್ಟು ಗುರುತು ಮಾಡಿಕೊಂಡು ಕಣ್ಣು ಕಿತ್ತು ಕೊಟ್ಟ. ಶಿವ ಒಲಿದ. ವಾಲ್ಮೀಕಿ "ಮರಾ ಮರಾ" ಅಂದೇ ರಾಮನನ್ನು ಕಂಡ ಅನ್ನುತ್ತಾರೆ. ಮನಸ್ಸೇ ಎಲ್ಲ. ಮನಸ್ಸಿಲ್ಲದ ಮಂತ್ರ ಬರೀ ಸದ್ದು.

ದುರ್ಗದ ಮೇಷ್ಟ್ರು
@ಜೋಗಿಮಟ್ಟಿ ಗಾಳಿ ಕಣ್ಣಪ್ಪನ ಮುಂದೆ ಶಿವ ಇದ್ದ ಅಪ್ಪಾ. ಕೇಳುವವನು ಇದ್ದ. ಕೇಳುವವನಿದ್ದರೆ ತೊದಲು ಮಾತೂ ತಲುಪುತ್ತದೆ, ಅವನು ನಿನ್ನ ಮನಸ್ಸು ನೋಡುತ್ತಾನೆ. ಅದು ಭಕ್ತಿ. ಸರ್ಪಸುತ್ತಿನ ಮಂತ್ರ, ಚೇಳಿನ ಮಂತ್ರ ಹಾಗಲ್ಲ. ಅಲ್ಲಿ ಯಾರನ್ನೂ ಬೇಡುವುದಿಲ್ಲ, "ಇಳಿ, ಹೋಗು" ಅಂತ ಅಪ್ಪಣೆ ಕೊಡುತ್ತಾರೆ. ಅದು ಬೀಗದ ಕೈ ಇದ್ದ ಹಾಗೆ. ಬೀಗಕ್ಕೆ ನಿನ್ನ ಭಾವನೆ ಬೇಕಿಲ್ಲ, ಹಲ್ಲು ಸರಿ ಕೂರಬೇಕು. ಭಕ್ತಿ, ಮಂತ್ರ ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡ.

ಜೋಗಿಮಟ್ಟಿ ಗಾಳಿ
ಹಾಗಾದರೆ ಪೂಜೆಗೆ ಮೊದಲು ಸಂಕಲ್ಪ ಯಾಕೆ ಮಾಡಿಸುತ್ತಾರೆ? ಊರು, ದಿನ, ಗೋತ್ರ, ಹೆಸರು ಎಲ್ಲ ಹೇಳಿಸಿ, ಯಾತಕ್ಕೆ ಮಾಡುತ್ತಿದ್ದೇನೆ ಅಂತ ಹೇಳಿಸಿ, ಅಕ್ಷತೆ ನೀರು ಬಿಡಿಸುವುದು ಉದ್ದೇಶ ಬೇಕು ಅಂತಲೇ ಅಲ್ವಾ?

ದುರ್ಗದ ಮೇಷ್ಟ್ರು
ಒಳ್ಳೆಯ ಮಾತು. ಅಲ್ಲೂ ನೋಡು, ಉದ್ದೇಶವನ್ನು ಬಾಯಿಬಿಟ್ಟು ಹೇಳಿಸುತ್ತಾರೆ. ಮನಸ್ಸಲ್ಲಿ ಇಟ್ಟುಕೊಂಡರೆ ಸಾಕು ಅನ್ನುವುದಿಲ್ಲ. ಈ ಎಳೆಯನ್ನು ನಾನು ಇನ್ನೂ ಯೋಚಿಸಬೇಕು.

ಆಜಾದ್ ನಗರದವನು
ಇಲ್ಲಿ ನಾನೊಂದು ಸೇರಿಸುತ್ತೇನೆ. ನಮ್ಮಲ್ಲಿ ನಿಯ್ಯತ್ ಇಲ್ಲದೆ ನಮಾಜೂ ಇಲ್ಲ, ರೋಜಾನೂ ಇಲ್ಲ. ದಿನಪೂರ್ತಿ ಹಸಿದುಕೊಂಡಿದ್ದರೂ ನಿಯ್ಯತ್ ಇಲ್ಲದಿದ್ದರೆ ಅದು ಬರೀ ಹಸಿವು. ನಿಯ್ಯತ್ ಇರುವುದು ಮನಸ್ಸಲ್ಲಿ. ಬಾಯಲ್ಲಿ ಹೇಳಲೇಬೇಕಂತಿಲ್ಲ ಅಂತ ನಮ್ಮ ಹಿರಿಯರು ಕಲಿಸಿದ್ದು. ಮೇಷ್ಟ್ರ ಸಂಕಲ್ಪಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇಷ್ಟೇ ಇರಬೇಕು.

ಕನ್ನಡದಲ್ಲಿ "ನಿಯತ್ತಿನ ಮನುಷ್ಯ" ಅನ್ನುತ್ತೀವಲ್ಲ, ಅದು ಇದೇ ಪದ. ಅರಬ್ಬಿಯಲ್ಲಿ ಉದ್ದೇಶ, ನಮ್ಮ ದಾವಣಗೆರೆ ಬಾಯಲ್ಲಿ ಪ್ರಾಮಾಣಿಕತೆ. ಅಕ್ಕನ ಪ್ರಶ್ನೆ ಎರಡನ್ನೂ ಕೇಳುತ್ತಿದೆ ಅನಿಸಿತು. ನಮ್ಮ ಓಣಿಯಲ್ಲಿ ಮಕ್ಕಳು ಬೆಚ್ಚಿ ಬಿದ್ದರೆ ದರ್ಗಾಕ್ಕೆ ಹೋಗಿ ಊದಿಸಿಕೊಂಡು ಬರುತ್ತಾರೆ. ಅಲ್ಲಿಗೆ ಹಿಂದೂ ಮನೆಯವರೂ ಬರುತ್ತಾರೆ. ಊದುವವರ ಭಾಷೆ ಅವರಿಗೆ ಒಂದಕ್ಷರ ಬರಲ್ಲ.

ಕಾಟನ್ ಮಿಲ್ ಮಗ
ನಿಯತ್ತು ಅಂದರೆ ನಿಯ್ಯತ್! ಇಷ್ಟು ವರ್ಷ ಹೊಳೆದೇ ಇರಲಿಲ್ಲ.

ಓದುಗುಳಿ ಹರಿಹರ
ಮಾಟದಲ್ಲಿ ಉದ್ದೇಶ ಬೇಕೇ ಬೇಕಾ ಅನ್ನುವುದನ್ನು ಮಾನವಶಾಸ್ತ್ರದವರು ಚೆನ್ನಾಗಿ ಬಿಡಿಸಿ ನೋಡಿದ್ದಾರೆ. ಇವಾನ್ಸ್ ಪ್ರಿಚರ್ಡ್ ಎಂಬ ಇಂಗ್ಲಿಷ್ ಪಂಡಿತ ಮಧ್ಯ ಆಫ್ರಿಕಾದ ಅಜಾಂಡೆ ಜನರ ನಡುವೆ ಇದ್ದು ಬರೆದ ಅಧ್ಯಯನ 1937ರಲ್ಲಿ ಬಂತು. ಆ ಜನ ಎರಡು ಬಗೆ ಮಾಡುತ್ತಾರೆ. ಒಂದು, ಬೇಕೆಂದೇ ಮೂಲಿಕೆ ಇಟ್ಟು ಮಾತು ಹೇಳಿ ಮಾಡುವ ಮಾಟ. ಇನ್ನೊಂದು, ಕೆಲವರ ಹೊಟ್ಟೆಯಲ್ಲೇ ಹುಟ್ಟಿನಿಂದ ಇರುವ ಒಂದು ಶಕ್ತಿ. ಅದು ಇದೆ ಅಂತ ಅವರಿಗೇ ಗೊತ್ತಿಲ್ಲದೆ ಇರಬಹುದು. ಆರೋಪ ಬಂದಾಗ ಆ ಮನುಷ್ಯ ಬಾಯಲ್ಲಿ ನೀರು ತುಂಬಿಕೊಂಡು ಉಗುಳಿ, "ನನಗೆ ಗೊತ್ತಿರಲಿಲ್ಲ, ಇದ್ದರೆ ತಣ್ಣಗಾಗಲಿ" ಅನ್ನುವಂತೆ ಹೇಳುತ್ತಾನೆ. ಅಲ್ಲಿಗೆ ಜಗಳ ತಣ್ಣಗಾಗುತ್ತದೆ.

ಇದು ನಮ್ಮಲ್ಲೂ ಇದೆ, ಹೆಸರು ಬೇರೆ ಅಷ್ಟೇ. ಮಾಟಕ್ಕೆ ಹಗೆ ಬೇಕು. ದೃಷ್ಟಿಗೆ ಬೇಕಾಗಿಲ್ಲ.

ಬೆಣ್ಣೆಕೃಷ್ಣ
ಹೌದು! ಹೆತ್ತ ತಾಯಿ ದೃಷ್ಟಿಯೇ ಮೊದಲು ತಾಗುತ್ತೆ ಅಂತ ನಮ್ಮಮ್ಮ ಹೇಳುತ್ತಿದ್ದರು. ಮಗು ಚೆನ್ನಾಗಿ ಉಣ್ಣುತ್ತಿದೆ ಅಂತ ಕಣ್ತುಂಬ ನೋಡಿದರೂ ಸಾಕಂತೆ. ತಾಯಿಗೆ ಕೆಟ್ಟ ಮನಸ್ಸು ಇರುತ್ತಾ? ಆದರೂ ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ಹಿಡಿದು ನಿವಾಳಿಸುವವಳು ಅವಳೇ. "ಊರ ಕಣ್ಣು, ಕೇರಿ ಕಣ್ಣು, ನಾಯಿ ಕಣ್ಣು, ನರಿ ಕಣ್ಣು" ಅಂತ ಹೇಳುತ್ತಾ ಕೊನೆಗೆ "ಹೆತ್ತವಳ ಕಣ್ಣು" ಅಂತ ತನ್ನನ್ನೂ ಸೇರಿಸಿಕೊಳ್ಳುತ್ತಿದ್ದರು. ಈಗ ಅಮ್ಮ ಇಲ್ಲ. ನನ್ನ ಮಗಳಿಗೆ ನಾನೇ ತೆಗೆಯುತ್ತೇನೆ, ಅದೇ ಮಾತಲ್ಲಿ.

ಕಾಟನ್ ಮಿಲ್ ಮಗ
ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ಆಗಿದೆ ಅಂತಾರಲ್ಲ, ಅದು ಕೆಂಡದ ಬಿಸಿ ಮತ್ತು ಗಾಳಿ ಮೇಲೆ ಹೋಗುತ್ತೆ. ಗ್ಯಾಸ್ ಒಲೆ ಮೇಲೆ ಹಿಡಿದರೆ ಮನೆ ತುಂಬಾ ಕೆಮ್ಮು.

ಬೆಣ್ಣೆಕೃಷ್ಣ
ನಾನು ಘಾಟಿನ ಬಗ್ಗೆ ಹೇಳಿದ್ದಲ್ಲ ಅಣ್ಣ. ಅಮ್ಮ ತನ್ನ ಕಣ್ಣನ್ನೂ ಅದರಲ್ಲಿ ಎಣಿಸುತ್ತಿದ್ದಳು ಅನ್ನುವುದು ವಿಷಯ.

ಕಾಟನ್ ಮಿಲ್ ಮಗ
ಕ್ಷಮಿಸಿ ಅಕ್ಕ. ಆ ಮಾತು ನಿಜಕ್ಕೂ ಮನಸ್ಸಿಗೆ ಮುಟ್ಟಿತು.

ನಾನೂ ಒಂದು ಹೇಳಬೇಕು. ನಮ್ಮ ಚಿಕ್ಕಪ್ಪನಿಗೆ ಮಂಡಕ್ಕಿ ಭಟ್ಟಿ ಇತ್ತು. ಒಂದು ಬೆಳಿಗ್ಗೆ ಭಟ್ಟಿ ಬಾಗಿಲಲ್ಲಿ ಕುಯ್ದ ನಿಂಬೆಹಣ್ಣು, ಕುಂಕುಮ, ಒಂದು ಮೊಳೆ ಬಿದ್ದಿತ್ತು. ಪಕ್ಕದ ಭಟ್ಟಿಯವನೇ ಮಾಡಿಸಿದ್ದು ಅಂತ ಮನಸ್ಸಿಗೆ ಬಂತು. ನಿದ್ದೆ ಬಿಟ್ಟರು, ಊಟ ಬಿಟ್ಟರು. ತೆಗೆಯುತ್ತೇನೆ ಅಂತ ಬಂದ ಒಬ್ಬನಿಗೆ ಮೂರು ಸಲ ದುಡ್ಡು ಕೊಟ್ಟರು. ಕೊನೆಗೆ ಭತ್ತ ತರಲು ಕೈಯಲ್ಲಿ ಕಾಸಿಲ್ಲದೆ ಒಂದು ಸೀಸನ್ ಭಟ್ಟಿ ನಿಂತಿತು. ಎಂಟು ತಿಂಗಳ ಮೇಲೆ ಗೊತ್ತಾಯಿತು, ಹಿಂದಿನ ದಿನ ಎದುರಿನ ಗ್ಯಾರೇಜಲ್ಲಿ ಗಾಡಿ ಪೂಜೆ ಮಾಡಿದ್ದರು. ಹುಡುಗರು ಆಟಕ್ಕೆ ಎತ್ತಿಕೊಂಡು ಬಂದು ಬಿಸಾಡಿದ್ದರು. ಯಾರ ಮನಸ್ಸಲ್ಲೂ ಕೆಟ್ಟದ್ದು ಇರಲಿಲ್ಲ. ಉದ್ದೇಶವೇ ಇಲ್ಲದ ಮಾಟ ನಮ್ಮ ಮನೆ ಮುರಿಯಿತು. ಪಕ್ಕದ ಭಟ್ಟಿಯವರ ಜೊತೆ ಇವತ್ತಿಗೂ ಮಾತಿಲ್ಲ.

ಭದ್ರಾ ನಾಲೆ
ಕೇಳಿ ಬೇಜಾರಾಯ್ತು. ನಾನು ಇದರ ಇನ್ನೊಂದು ಕಡೆ ಹೇಳುತ್ತೇನೆ. ಉದ್ದೇಶ ಒಳ್ಳೆಯದಿದ್ದರೆ ಎಲ್ಲ ಸರಿ ಅನ್ನುವವರಿಗೆ.

ನಮ್ಮ ಅಮ್ಮನ ತವರು ಚಿತ್ರದುರ್ಗ ಜಿಲ್ಲೆ. ಮಳೆ ಕೈಕೊಟ್ಟ ವರ್ಷ ಅಲ್ಲಿ ಮಣ್ಣಿನ ಮಳೆರಾಯನನ್ನು ತಲೆ ಮೇಲೆ ಹೊತ್ತು ಹುಡುಗರು ಮನೆ ಮನೆಗೆ ಬರುತ್ತಾರೆ. ಹೆಂಗಸರು ಮೇಲಿಂದ ಕೊಡ ನೀರು ಸುರಿಯುತ್ತಾರೆ. ಅದು ಚಂದ. ಆದರೆ ತೊನ್ನು ಇದ್ದವರನ್ನು ಹೂತರೆ ಮಳೆ ಬರಲ್ಲ ಅನ್ನುವ ನಂಬಿಕೆಯೂ ಕೆಲವು ಕಡೆ ಇದೆ. ಬರ ಬಂದಾಗ ಹೂತ ಹೆಣ ಅಗೆದು ತೆಗೆದು ಸುಟ್ಟ ಸುದ್ದಿ ಪೇಪರಲ್ಲೇ ಬಂದಿದೆ. ತೊನ್ನು ಅಂಟುರೋಗ ಅಲ್ಲ, ಚರ್ಮದ ಬಣ್ಣ ಹೋಗುವುದು ಅಷ್ಟೇ. ಅಗೆಯುವವರ ಮನಸ್ಸಲ್ಲಿ ಇದ್ದದ್ದು ಊರಿಗೆ ಮಳೆ ಬರಲಿ, ದನಕ್ಕೆ ನೀರು ಸಿಗಲಿ ಅನ್ನುವುದು. ಕೆಟ್ಟದ್ದೇನೂ ಇಲ್ಲ. ಆದರೆ ಅಪ್ಪನ ಗುಂಡಿ ಅಗೆಯುವುದನ್ನು ನಿಂತು ನೋಡಬೇಕಾದ ಮಗನನ್ನು ನೆನೆಸಿಕೊಳ್ಳಿ. ನನಗೆ ಸಂಕಲ್ಪದ ಮಾತು ಬಂದಾಗಲೆಲ್ಲ ಇದೇ ನೆನಪಾಗುವುದು.

ಜೋಗಿಮಟ್ಟಿ ಗಾಳಿ
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಣ್ಣ. ಅಂದಹಾಗೆ ನಮ್ಮ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲೇ. ನಮ್ಮಜ್ಜ ಅದನ್ನು ನೋಡಲು ಕಾದು ಕಾದು ಹೋದರು.

ಭದ್ರಾ ನಾಲೆ
ನಾನು ಹೋಗಿದ್ದೆ ಆ ದಿನ! ಹಿರಿಯೂರು ರಸ್ತೆ ಪೂರ್ತಿ ಜಾತ್ರೆ. ವಯಸ್ಸಾದವರು ನೀರಿಗೆ ಕೈ ಮುಗಿದು ಅಳುತ್ತಿದ್ದರು.

ಕೋರ್ಟ್ ರಸ್ತೆ
ಕಾನೂನು ಏನು ಹೇಳುತ್ತದೆ ಅಂತ ಯಾರೂ ಬರೆದಿಲ್ಲ, ಹಾಗಾಗಿ ಬರೆಯುತ್ತೇನೆ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯುವ ಕಾಯ್ದೆ 2017ರದ್ದು, ಜಾರಿಗೆ ಬಂದದ್ದು ಜನವರಿ 2020. ಹಾವು, ಚೇಳು, ನಾಯಿ ಕಡಿದಾಗ ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ, ದಾರ ಅಂತ ಕೂರಿಸಿದರೆ ಅಪರಾಧ. "ಒಳ್ಳೆಯದಾಗಲಿ ಅಂತ ಮಾಡಿದೆ ಸ್ವಾಮಿ" ಅಂದರೆ ನಡೆಯಲ್ಲ. ಇದಲ್ಲದೆ 1954ರ ಕೇಂದ್ರ ಕಾಯ್ದೆ ಒಂದಿದೆ. ತಾಯತ, ಮಂತ್ರ, ಕವಚದಿಂದ ಇಂಥ ರೋಗ ಗುಣ ಮಾಡುತ್ತೇನೆ ಅಂತ ಜಾಹೀರಾತು ಹಾಕುವುದು ಅದರಡಿ ತಪ್ಪು. ಬಸ್ ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರುವ ಚೀಟಿಗಳು ಎಷ್ಟೋ ಇದರಡಿ ಬರುತ್ತವೆ.

ಅಕ್ಕ, ನೀವು ದುಡ್ಡು ತಗೊಳ್ಳುತ್ತಿಲ್ಲ, ಡಾಕ್ಟರ್ ಹತ್ತಿರ ಹೋಗಬೇಡಿ ಅನ್ನುತ್ತಿಲ್ಲ. ಆ ಎರಡನ್ನು ಬಿಡಬೇಡಿ.

ನರ್ಸಕ್ಕ
ಹಾವಿನ ವಿಷಯಕ್ಕೆ ಇನ್ನೊಂದು. ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ತಿಳಿಸಲೇಬೇಕು ಅಂತ ಕರ್ನಾಟಕ 2024ರಲ್ಲಿ ಮಾಡಿತು. ಮಂತ್ರದವರ ಹತ್ತಿರ "ಇಳಿದುಹೋಯ್ತು" ಅನ್ನಿಸಿಕೊಂಡು ಬರುವವರು ಬಹಳ. ಕಡಿದದ್ದು ವಿಷದ ಹಾವೇ ಆಗಿರುವುದಿಲ್ಲ, ಅಥವಾ ವಿಷ ಬಿಟ್ಟಿರುವುದಿಲ್ಲ. ನಿಜವಾಗಿ ವಿಷ ಏರಿದವರಿಗೆ ಒಂದು ಗಂಟೆ ತಡವಾದರೂ ಬೆಲೆ ತೆರಬೇಕು. ಸೀದಾ ಬನ್ನಿ, ಇಂಜೆಕ್ಷನ್ ಇದೆ.

ಓದುಗುಳಿ ಹರಿಹರ
ಬೇರೆಯವರ ಒಳ್ಳೆಯ ಉದ್ದೇಶಕ್ಕೆ ಶಕ್ತಿ ಇದೆಯಾ ಅಂತ ಅಳೆದು ನೋಡಿದ್ದೂ ಇದೆ. ಅಮೆರಿಕಾದಲ್ಲಿ ಹೃದಯದ ಬೈಪಾಸ್ ಆಗುವ 1802 ರೋಗಿಗಳ ಮೇಲೆ ಮಾಡಿದ ಅಧ್ಯಯನ 2006ರಲ್ಲಿ ಬಂತು. ಒಂದು ಗುಂಪಿಗಾಗಿ ಗೊತ್ತಿಲ್ಲದವರು ಪ್ರಾರ್ಥನೆ ಮಾಡಿದರು, ಇನ್ನೊಂದಕ್ಕೆ ಮಾಡಲಿಲ್ಲ. ಎರಡರಲ್ಲೂ ವ್ಯತ್ಯಾಸ ಇಲ್ಲ. "ನಿಮಗಾಗಿ ಖಂಡಿತ ಪ್ರಾರ್ಥನೆ ನಡೆಯುತ್ತಿದೆ" ಅಂತ ತಿಳಿಸಿದ ಮೂರನೇ ಗುಂಪಿನಲ್ಲಿ ತೊಂದರೆ ಸ್ವಲ್ಪ ಜಾಸ್ತಿಯೇ ಕಂಡಿತು.

ಆದರೆ 2010ರಲ್ಲಿ ಇನ್ನೊಂದು ಬಂತು. ಕರುಳಿನ ತೊಂದರೆ ಇದ್ದ 80 ಜನ. ಅರ್ಧ ಜನಕ್ಕೆ "ಇದರಲ್ಲಿ ಔಷಧ ಇಲ್ಲ" ಅಂತ ಬಾಯಿಬಿಟ್ಟು ಹೇಳಿಯೇ ಬರೀ ಮಾತ್ರೆ ಕೊಟ್ಟರು. ಏನೂ ತಗೊಳ್ಳದವರಿಗಿಂತ ಅವರಿಗೆ ಜಾಸ್ತಿ ಆರಾಮ ಅನಿಸಿತು. ವೈರಸ್ ಸಾಯಲ್ಲ, ಮೂಳೆ ಕೂಡಲ್ಲ. ನೋವು, ಸಂಕಟ ಇಂಥವು ಇಳಿದವು. ಸುಳ್ಳು ಹೇಳದೆಯೂ ಇಳಿದವು ಅನ್ನುವುದು ಅಕ್ಕನ ಪ್ರಶ್ನೆಗೆ ಹತ್ತಿರ ಇದೆ.

ಚಳ್ಳಕೆರೆ ಎಣ್ಣೆಗಾಣ
ನಮ್ಮ ಅಪ್ಪ ಆ ದಿನ ಊಟ ಮಾಡಿದ್ದು ಇದೇ ಇರಬೇಕು.

ಬೆಣ್ಣೆಕೃಷ್ಣ
ಹೊಳಲ್ಕೆರೆ ಅಕ್ಕ ಎಲ್ಲಿ? ಏನಾಯ್ತು?

ಹೊಳಲ್ಕೆರೆ ಮೊಮ್ಮಗಳು
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಸಂಜೆ ಅವರನ್ನು ಆಟೋದಲ್ಲಿ ಚರ್ಮದ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ದಿನಕ್ಕೆ ಐದು ಸಲ ಮಾತ್ರೆ, ಏಳು ದಿನ. ನೋವಿಗೆ ಬೇರೆ ಕೊಟ್ಟಿದ್ದಾರೆ. ಸರಿಯಾದ ಹೊತ್ತಿಗೆ ಬಂದಿರಿ ಅಂದರು.

ವಾಪಸ್ ಬಂದ ಮೇಲೆ ಅವರು ಮತ್ತೆ ಕೇಳಿದರು. ನಾನು ಸುಳ್ಳು ಹೇಳಲಿಲ್ಲ. "ದೊಡ್ಡಪ್ಪ, ನನಗೆ ಇದರಲ್ಲಿ ನಂಬಿಕೆ ಇಲ್ಲ. ಗುಣ ಆಗುವುದು ಮಾತ್ರೆಯಿಂದ" ಅಂದೆ. ಅವರು ಶರ್ಟ್ ಎತ್ತಿಕೊಂಡೇ ಕೂತಿದ್ದರು. "ನಿನ್ನ ನಂಬಿಕೆ ಯಾರು ಕೇಳಿದರು ತಾಯಿ? ನಿಮ್ಮಜ್ಜಿ ನಲವತ್ತು ವರ್ಷದ ಹಿಂದೆ ನನ್ನ ತಂಗಿಗೆ ಬರೆದಿದ್ದರು. ನೀನು ಬರೀ" ಅಂದರು.

ಇವತ್ತು ಬೆಳಿಗ್ಗೆ ಬರೆದೆ. ಗುಳ್ಳೆಗೆ ತಾಗದ ಹಾಗೆ, ಒಂದು ಬೆರಳು ದೂರ, ಒಣ ಚರ್ಮದ ಮೇಲೆ. ಹಸಿದುಕೊಂಡೇ ಇದ್ದೆ. ಗೆರೆ ಎಳೆಯುವಾಗ ಕೈ ನಡುಗುತ್ತಿತ್ತು. ಮಂತ್ರ ಹೇಳುವಾಗ ಅಂಗಡಿ, ಬಾಡಿಗೆ, ನಂಬಿಕೆ, ಯಾವುದೂ ತಲೆಯಲ್ಲಿ ಇರಲಿಲ್ಲ. ಇವರ ನೋವು ಇಳಿಯಲಿ ಅನ್ನುವುದೊಂದೇ ಇತ್ತು. ಅದು ಮಂತ್ರವಾ ಅಲ್ಲವಾ ನನಗೆ ಗೊತ್ತಿಲ್ಲ. ಮೋಸ ಅಂತ ಮಾತ್ರ ಅನಿಸಲಿಲ್ಲ.

ನರ್ಸಕ್ಕ
ನೋವು ಹೇಗಿದೆ? ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳಿ. ನೀರು ಚೆನ್ನಾಗಿ ಕುಡಿಯಲಿ. ಚಿಕನ್ ಪಾಕ್ಸ್ ಬಂದಿಲ್ಲದ ಗರ್ಭಿಣಿಯರು, ಹಸುಗೂಸು ಮನೆಯಲ್ಲಿದ್ದರೆ ಗುಳ್ಳೆ ಒಣಗುವ ತನಕ ದೂರ ಇರಲಿ.

ಹೊಳಲ್ಕೆರೆ ಮೊಮ್ಮಗಳು
ನೋವು ಇದೆ ಅಕ್ಕ. ಆದರೆ ಮಧ್ಯಾಹ್ನ ಎರಡು ಗಂಟೆ ನಿದ್ದೆ ಬಂತಂತೆ. ಮಾತ್ರೆಗೆ ಮೊಬೈಲಲ್ಲಿ ಅಲಾರಂ ಇಟ್ಟು ಕೊಟ್ಟಿದ್ದೇನೆ.

ದುರ್ಗದ ಮೇಷ್ಟ್ರು
ಒಳ್ಳೆಯದಾಯಿತು ತಾಯಿ. ಆ ಅರ್ಥವಾಗದ ಎರಡು ಸಾಲು ಇಲ್ಲಿ ಬರೆಯುತ್ತೀಯಾ? ಹಳೆಯ ತೆಲುಗು ಇರಬಹುದು. ಕಳೆದುಹೋಗಬಾರದು.

ಚಳ್ಳಕೆರೆ ಎಣ್ಣೆಗಾಣ
ನಮ್ಮ ಮನೆ ಮಾತು ತೆಲುಗೇ. ನಾನು ಬಿಡಿಸಿ ಹೇಳುತ್ತೇನೆ ಅಕ್ಕ.

ಹೊಳಲ್ಕೆರೆ ಮೊಮ್ಮಗಳು
ಮೇಷ್ಟ್ರೇ, ಆಗಲ್ಲ. ಕೈ ದಾಟಿಸುವ ದಿನ ಬಿಟ್ಟು ಬೇರೆ ಯಾವತ್ತೂ ಇನ್ನೊಬ್ಬರಿಗೆ ಕೇಳುವಂತೆ ಹೇಳಬಾರದು ಅಂತ ಅಜ್ಜಿ ಮಾತು ತಗೊಂಡಿದ್ದಾರೆ. ಮಂತ್ರ ನಂಬದಿದ್ದರೂ ಅಜ್ಜಿಗೆ ಕೊಟ್ಟ ಮಾತು ಮುರಿಯೋಕೆ ಮನಸ್ಸು ಬರ್ತಿಲ್ಲ.